ಹಳಿಯ ಜಾಯಿಂಟ್ ಸದ್ದು ಮಾಡಿದರೆ ಹೆದರಬೇಕೇ?

ಓದುಗರ ಪ್ರಶ್ನೆ: "ಕೆಲಸಕ್ಕಾಗಿ ದಿನಾ ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಚಿಕ್ಕಂದಿನಲ್ಲಿ ಕೇಳುತ್ತಿದ್ದ 'ಟಕಟಕ, ಟಕಟಕ' ಸದ್ದು ಈಗ ಹೆಚ್ಚಿನ ದಾರಿಯಲ್ಲಿ ಇಲ್ಲ. ಆದರೆ ಒಂದು ಕಿರುಸೇತುವೆಯ ಹತ್ತಿರ, ಪ್ರತಿದಿನ ಅದೇ ಜಾಗದಲ್ಲಿ, ಡಬ್ಬಿಯನ್ನು ಎತ್ತಿ ಕುಕ್ಕಿದ ಹಾಗಾಗುತ್ತದೆ. ಸಿಟಿ ಸ್ಟೇಷನ್ ಒಳಗೆ ಹೋಗುವಾಗ ಪಕ್ಕಕ್ಕೆ ಎಳೆದಂತಾಗಿ ನಿಂತವರು ತೂರಾಡುತ್ತಾರೆ. ಹೋದ ವಾರ ಸ್ನೇಹಿತರೊಬ್ಬರು ಅಮೆರಿಕದ ಗೂಡ್ಸ್ ಗಾಡಿಯ ವಿಡಿಯೋ ಕಳಿಸಿದರು. ಹಳಿ ಹಾವಿನ ಹಾಗೆ ಡೊಂಕಾಗಿದೆ, ವ್ಯಾಗನ್‌ಗಳು ಎಡಕ್ಕೂ ಬಲಕ್ಕೂ ತೂಗುತ್ತ ಬರುತ್ತಿವೆ. ಕಂಬಿಗಳ ನಡುವಿನ ಸಂದಿಯಲ್ಲಿ ಚಕ್ರ ಬೀಳುವುದೇ ಇದಕ್ಕೆಲ್ಲ ಕಾರಣ, ಜಾಯಿಂಟ್ ಇದ್ದಲ್ಲೆಲ್ಲ ಅಪಾಯ ಎಂದು ಅವರ ವಾದ. ಹಾಗಿದ್ದರೆ ಎಲ್ಲವನ್ನೂ ಬೆಸುಗೆ ಹಾಕಿ ಮುಗಿಸಬಾರದೇ? ಇನ್ನೊಂದು ಮಾತು: ಕೆಂಗೇರಿ ಕಡೆ ನನ್ನ ತಮ್ಮ ಹಳಿಯಿಂದ ಸುಮಾರು 40 ಮೀಟರ್ ದೂರದಲ್ಲಿ ಮನೆ ಕಟ್ಟಿದ್ದಾನೆ. ರಾತ್ರಿ ಗೂಡ್ಸ್ ಹೋದಾಗ ಕಿಟಕಿ ಗಾಜು ಗಡಗಡ ಎನ್ನುತ್ತದೆ, ಗೋಡೆಯಲ್ಲಿ ಬಿರುಕು ಬಂದಿದೆ. ಅಮ್ಮನಿಗೆ ಸೊಂಟನೋವು, ಅವರನ್ನು ರೈಲಿನಲ್ಲಿ ಎಲ್ಲಿ ಕೂರಿಸಲಿ ಎಂಬುದನ್ನೂ ತಿಳಿಸಿ."

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ವಿಷಯಗಳು ಒಂದೇ ಭಯದೊಳಗೆ ಸೇರಿಕೊಂಡಿವೆ. ಸೇತುವೆ ಹತ್ತಿರದ ಏಟು, ಸ್ಟೇಷನ್ನಿನ ಎಳೆತ, ವಿಡಿಯೋದ ತೂಗಾಟ, ಗೋಡೆಯ ಬಿರುಕು. ಇವುಗಳ ಕಾರಣ ಬೇರೆ, ಅಪಾಯದ ಮಟ್ಟವೂ ಬೇರೆ. ಹಳಿ ನಿರ್ವಹಣೆಯ ಕೆಲಸದಲ್ಲೇ ಬದುಕು ಕಳೆದವನಾಗಿ ಹೇಳುವುದಾದರೆ, ಇವುಗಳಲ್ಲಿ ನನ್ನ ಕಿವಿ ನೆಟ್ಟಗಾಗುವುದು ಸೇತುವೆ ಹತ್ತಿರದ ಏಟಿನ ಮಾತಿಗೆ. ನೀವು ಅದನ್ನು 'ಪ್ರತಿದಿನ ಅದೇ ಜಾಗದಲ್ಲಿ' ಎಂದು ಗುರುತಿಸಿದ್ದೀರಿ. ಹಳಿಯ ವಿಷಯದಲ್ಲಿ ಅದು ಬಹಳ ಬೆಲೆಯುಳ್ಳ ಮಾಹಿತಿ.

ಮೊದಲು ಸಂದಿಯಲ್ಲಿ ಚಕ್ರ ಬೀಳುತ್ತದೆ ಎಂಬ ಮಾತು. ಬಹಳ ಜನ ಹೀಗೇ ತಿಳಿದಿದ್ದಾರೆ, ಆದರೆ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ನಮ್ಮ ಪ್ರಯಾಣಿಕರ ಡಬ್ಬಿಯ ಹೊಸ ಚಕ್ರದ ಅಡ್ಡಳತೆ 915 ಮಿ.ಮೀ. ಎರಡು ಕಂಬಿಗಳ ನಡುವೆ 6 ಮಿ.ಮೀ. ಸಂದಿ ಇದೆ ಅಂದುಕೊಳ್ಳಿ. ಅಷ್ಟು ದೊಡ್ಡ ಚಕ್ರ ಅಷ್ಟು ಸಣ್ಣ ಸಂದಿಯೊಳಗೆ ಇಳಿಯುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಮಾತ್ರ. ಸಂದಿಯನ್ನು 12 ಮಿ.ಮೀ.ಗೆ ಹಿಗ್ಗಿಸಿದರೂ ಅದು ನೂರನೇ ನಾಲ್ಕು ಭಾಗ. ಇಷ್ಟರಿಂದ ಡಬ್ಬಿ ಕುಕ್ಕುವುದಿಲ್ಲ. ಆ ಸಂದಿ ಅಲ್ಲಿ ಇರಲೇಬೇಕಾದ್ದು. 13 ಮೀಟರ್ ಉದ್ದದ ಕಂಬಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ 40 ಡಿಗ್ರಿ ಕಾದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಬೆಂಗಳೂರಿನಲ್ಲಿ ಗಾಳಿಯ ಉಷ್ಣತೆ 35 ಇದ್ದ ದಿನ ಬಿಸಿಲಿಗೆ ಮೈಯೊಡ್ಡಿದ ಕಂಬಿ 50 ದಾಟುವುದು ಸಾಮಾನ್ಯ. ಹಿಗ್ಗಲು ಜಾಗ ಬೇಕು, ಅದಕ್ಕೇ ಸಂದಿ.

ಹಾಗಾದರೆ ಸದ್ದು ಮತ್ತು ಏಟು ಎಲ್ಲಿಂದ? ಸಂದಿಯ ಅಗಲದಿಂದಲ್ಲ, ಸಂದಿಯ ಎರಡೂ ಕಡೆ ಕಂಬಿಯ ತುದಿ ಎಷ್ಟು ಕೆಳಗೆ ಕೂತಿದೆ ಎಂಬುದರಿಂದ.

ಜಾಯಿಂಟ್ ಎಂದರೆ ಎರಡು ಕಂಬಿಗಳ ತುದಿಗಳನ್ನು ಎರಡೂ ಪಕ್ಕದಿಂದ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿಗಳಿಟ್ಟು ಬೋಲ್ಟು ಬಿಗಿದ ಜಾಗ. ಎಷ್ಟೇ ಬಿಗಿದರೂ ಆ ಜಾಗಕ್ಕೆ ಇಡೀ ಕಂಬಿಯ ಬಿಗಿತನ ಬರುವುದಿಲ್ಲ. ಚಕ್ರ ಬಂದಾಗ ಬೇರೆಡೆಗಿಂತ ಅಲ್ಲಿ ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದ್ದಕ್ಕೆ ಕೆಳಗಿನ ಸ್ಲೀಪರ್ (ಕಂಬಿಗಳಡಿ ಅಡ್ಡಲಾಗಿ ಇಟ್ಟ ದಿಮ್ಮಿ) ಜಲ್ಲಿಯನ್ನು ಹೆಚ್ಚು ಜೋರಾಗಿ ಕುಟ್ಟುತ್ತದೆ. ಜಲ್ಲಿಯ ಮೂಲೆಗಳು ಸವೆದು ಪುಡಿಯಾಗುತ್ತವೆ, ಸ್ಲೀಪರಿನ ಕೆಳಗೆ ಟೊಳ್ಳು ಬೀಳುತ್ತದೆ. ಟೊಳ್ಳು ಬಿದ್ದ ಮೇಲೆ ಮುಂದಿನ ಚಕ್ರ ಇನ್ನೂ ಜೋರಾಗಿ ಕುಟ್ಟುತ್ತದೆ. ಒಂದು ಹಂತ ದಾಟಿದರೆ ಕಂಬಿಯ ತುದಿಯ ಉಕ್ಕೇ ಕಾಯಂ ಆಗಿ ಕೆಳಕ್ಕೆ ಬಾಗಿಬಿಡುತ್ತದೆ. ಆಮೇಲೆ ಎಷ್ಟು ಸಲ ಎತ್ತಿ ಜಲ್ಲಿ ತುಂಬಿದರೂ ಕೆಲವೇ ವಾರದಲ್ಲಿ ಕುಳಿ ಅದೇ ಜಾಗಕ್ಕೆ ಮರಳುತ್ತದೆ.

ಕೆಟ್ಟ ಜಾಯಿಂಟನ್ನು ಪ್ಲಾಟ್‌ಫಾರ್ಮಿನಿಂದಲೇ ಗುರುತಿಸಬಹುದು. ಬೇಸಿಗೆಯಲ್ಲಾದರೆ ಆ ಎರಡು ಮೂರು ಸ್ಲೀಪರುಗಳ ಸುತ್ತ ಮಾತ್ರ ಜಲ್ಲಿ ಬೆಳ್ಳಗೆ, ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಅದು ಕಲ್ಲು ಕಲ್ಲಿಗೆ ಉಜ್ಜಿ ಬಿದ್ದ ಪುಡಿ. ಮಳೆಗಾಲದಲ್ಲಿ ಅದೇ ಪುಡಿ ಕೆಸರಾಗಿ, ಚಕ್ರ ಹಾದಾಗಲೆಲ್ಲ ಸ್ಲೀಪರಿನ ಅಂಚಿನಿಂದ ಪಿಚಕ್ಕನೆ ಚಿಮ್ಮುತ್ತದೆ. ಗಾಡಿ ಹೋಗುವಾಗ ಸ್ಲೀಪರ್ ಕೆಳಗೆ ಹೋಗಿ ಮೇಲೆ ಬರುವುದು ಬರಿಗಣ್ಣಿಗೇ ತಿಳಿಯುತ್ತದೆ. ಹಳಿಯ ಮೇಲೆ ದಿನಾ ನಡೆಯುವ ಕೀಮ್ಯಾನ್‌ಗಳು ಸುತ್ತಿಗೆಯಿಂದ ಸ್ಲೀಪರ್ ತಟ್ಟಿ, ದನಿ ಟೊಳ್ಳಾಗಿದೆಯೋ ಗಟ್ಟಿಯಾಗಿದೆಯೋ ಎಂದು ಕೇಳಿ ಹೇಳಿಬಿಡುತ್ತಾರೆ. ಯಂತ್ರಗಳು ಬಂದ ಮೇಲೂ ಆ ಕಿವಿಗೆ ನಾನು ಕೊಡುವ ಗೌರವ ಕಡಿಮೆಯಾಗಿಲ್ಲ.

ಏಟಿನ ಬಲದ ಅಂದಾಜು ಬೇಕೆಂದರೆ: ತುಂಬಿದ ಗೂಡ್ಸ್ ವ್ಯಾಗನ್ನಿನ ಒಂದು ಅಚ್ಚಿನ ಭಾರ 20 ಟನ್ನಿಗಿಂತ ಹೆಚ್ಚು, ಅಂದರೆ ಒಂದೊಂದು ಚಕ್ರದ ಮೇಲೆ ಹತ್ತು ಹನ್ನೊಂದು ಟನ್. ಅದು ಕಂಬಿಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್. ಕುಳಿಬಿದ್ದ ಜಾಯಿಂಟನ್ನು ವೇಗವಾಗಿ ದಾಟುವಾಗ ಈ ಭಾರ ಕ್ಷಣಮಾತ್ರ ಎರಡು ಮೂರು ಪಟ್ಟಾಗುತ್ತದೆ. ಅದರಲ್ಲಿ ಎರಡು ಏಟುಗಳಿವೆ. ಮೊದಲನೆಯದು ಉಕ್ಕಿಗೆ ಉಕ್ಕು ತಾಗುವ ತೀರಾ ಚುರುಕಾದ ಏಟು, ನಿಮಗೆ ಸದ್ದಾಗಿ ಕೇಳಿಸುವುದು ಅದು. ಅದರ ಬೆನ್ನಿಗೇ ಬರುವ, ಸ್ವಲ್ಪ ನಿಧಾನದ, ಸೆಕೆಂಡಿಗೆ ಮೂವತ್ತರಿಂದ ತೊಂಬತ್ತು ಸಲದ ಅದುರಿನ ಏಟು ಜಲ್ಲಿಯನ್ನು ಪುಡಿ ಮಾಡುತ್ತದೆ. ಇದು ಕಿವಿಗೆ ಅಷ್ಟು ಬೀಳುವುದಿಲ್ಲ. ಸದ್ದು ಜೋರಾದಷ್ಟೂ ಅಪಾಯ ಜಾಸ್ತಿ ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ.

ನೀವು ನೆನಪಿಸಿಕೊಂಡ 'ಟಕಟಕ' ಸರಿಯಾಗಿದ್ದ ಜಾಯಿಂಟುಗಳೂ ಮಾಡುತ್ತಿದ್ದ ಸದ್ದು. ಒಂದು ಟ್ರಾಲಿಯ ಎರಡು ಅಚ್ಚುಗಳು ಒಂದರ ಹಿಂದೊಂದು ದಾಟುವುದರಿಂದ ಜೋಡಿ ಸದ್ದು. (ಡಬ್ಬಿಯ ಕೆಳಗೆ ತುದಿಗೊಂದರಂತೆ ಇರುವ, ನಾಲ್ಕು ನಾಲ್ಕು ಚಕ್ರದ ಚೌಕಟ್ಟಿಗೆ ನಾವು ಟ್ರಾಲಿ ಎನ್ನುತ್ತೇವೆ.) ಬ್ರಾಡ್‌ಗೇಜಿನಲ್ಲಿ ಒಂದು ಕಂಬಿ 13 ಮೀಟರ್. ಹೀಗಾಗಿ 47 ಸೆಕೆಂಡಿನಲ್ಲಿ ನಿಮ್ಮ ಕಾಲಡಿಯ ಟ್ರಾಲಿಯ 'ಟಕಟಕ' ಎಷ್ಟು ಸಲ ಬಂತೋ, ಗಾಡಿಯ ವೇಗ ಗಂಟೆಗೆ ಸುಮಾರು ಅಷ್ಟೇ ಕಿಲೋಮೀಟರ್. ಇಂದಿಗೂ ಹಳೆಯ ಲೂಪ್ ಲೈನು, ಯಾರ್ಡುಗಳಲ್ಲಿ ಜಾಯಿಂಟ್ ಇರುವೆಡೆ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದು.

ಸದ್ದು ಹಳಿಯದೋ ಚಕ್ರದ್ದೋ ಎಂಬುದನ್ನೂ ಲಯದಿಂದಲೇ ಹಿಡಿಯಬಹುದು. ಬ್ರೇಕ್ ಹಿಡಿದುಕೊಂಡು ಜಾರಿದ ಚಕ್ರದ ಮೇಲೆ ಒಂದು ಕಡೆ ಚಪ್ಪಟೆ ಬೀಳುತ್ತದೆ. ಚಕ್ರದ ಸುತ್ತಳತೆ 2.87 ಮೀಟರ್ ಇರುವುದರಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಆರರ ಹತ್ತಿರ ಏಟು ಕೊಡುತ್ತದೆ, ಮಂಡ್ಯದಲ್ಲೂ ಕೊಡುತ್ತದೆ, ರಾಮನಗರದಲ್ಲೂ ಕೊಡುತ್ತದೆ. ಗಾಡಿಯ ಜೊತೆಯಲ್ಲೇ ಬರುವ ಸದ್ದು ಚಕ್ರದ್ದು. ಒಂದೇ ಜಾಗದಲ್ಲಿ, ಯಾವ ಗಾಡಿ ಹತ್ತಿದರೂ, ಸಿಗುವ ಏಟು ಹಳಿಯದು. ಇನ್ನು ಹೊರಡುವಾಗ, ನಿಲ್ಲುವಾಗ ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಅದು ಡಬ್ಬಿಗಳ ಕೊಂಡಿ ಮತ್ತು ಬ್ರೇಕಿನ ವಿಷಯ, ಅದಕ್ಕೂ ಹಳಿಗೂ ಸಂಬಂಧವಿಲ್ಲ.

ಈಗ ನಿಮ್ಮ ಕಿರುಸೇತುವೆ. (ಜಾಗದ ಹೆಸರು ಬರೆದಿದ್ದಿರಿ, ಇಲ್ಲಿ ಹಾಕುತ್ತಿಲ್ಲ.) ಅಲ್ಲಿ ಬೆಸುಗೆ ಹಾಕಿದ ಉದ್ದ ಕಂಬಿ ಇದೆ, ಜಾಯಿಂಟ್ ಇಲ್ಲ. ಆದರೂ ಏಟು ಬೀಳುವುದಕ್ಕೆ ಕಾರಣ ನೆಲದಲ್ಲಿದೆ. ಸೇತುವೆ ಕಲ್ಲು-ಕಾಂಕ್ರೀಟಿನದು, ಕುಗ್ಗುವುದಿಲ್ಲ. ಅದಕ್ಕೆ ಅಂಟಿಕೊಂಡ ಮಣ್ಣಿನ ದಿಬ್ಬ ಮಳೆಗಾಲಕ್ಕೊಮ್ಮೆ ಇಷ್ಟಿಷ್ಟೇ ಕೂರುತ್ತದೆ. ಗಟ್ಟಿ ನೆಲದಿಂದ ಮೆತ್ತಗಿನ ನೆಲಕ್ಕೆ, ಮತ್ತೆ ಮೆತ್ತಗಿನದರಿಂದ ಗಟ್ಟಿಗೆ ದಾಟುವ ಆ ಕೆಲವೇ ಮೀಟರಿನಲ್ಲಿ ಕುಳಿ ಬೀಳುತ್ತದೆ. ಲೆವೆಲ್ ಕ್ರಾಸಿಂಗುಗಳ ಎರಡೂ ಅಂಚಿನಲ್ಲಿ, ಹೊಸದಾಗಿ ಹಳಿಯಡಿ ಕೆಳಸೇತುವೆ ಕೂರಿಸಿದ ಕಡೆಗಳಲ್ಲಿ ಇದೇ ಕಥೆ. ಆ ಕುಳಿಯ ಮೇಲೇ ಒಂದು ಬೆಸುಗೆಯೂ ಬಂದರೆ ಏಟು ಇನ್ನಷ್ಟು ಬಲವಾಗುತ್ತದೆ.

ಅಪಾಯವೇ? ಒಂದೇ ಕುಳಿ, ಎರಡೂ ಕಂಬಿ ಒಟ್ಟಿಗೇ ಇಳಿದು ಒಟ್ಟಿಗೇ ಏಳುವಂಥದ್ದಾದರೆ, ಪ್ರಯಾಣಿಕರ ಗಾಡಿ ಹಳಿ ತಪ್ಪುವುದಿಲ್ಲ. ಸ್ಪ್ರಿಂಗ್ ಅದುಮಿ ಬಿಡುತ್ತದೆ, ಅಷ್ಟೇ. ಎರಡು ಕಾರಣಕ್ಕೆ ಅದನ್ನು ಹಾಗೇ ಬಿಡಬಾರದು. ಒಂದು, ಪ್ರತಿ ಏಟೂ ಅಲ್ಲಿನ ಕಂಬಿಗೆ, ಬೆಸುಗೆಗೆ, ಕ್ಲಿಪ್ಪಿಗೆ ಆಯಾಸ ತುಂಬುತ್ತದೆ. ಇಂದು ಕುಳಿ ಇದ್ದದ್ದು ನಾಳೆ ಚಳಿಗಾಲದ ಬೆಳಗಿನ ಜಾವ ಬಿರುಕಾಗಬಹುದು. ಎರಡು, ಒಂದು ಕಂಬಿ ಇನ್ನೊಂದಕ್ಕಿಂತ ಹೆಚ್ಚು ಕೂರಲು ಶುರುವಾದರೆ ವಿಷಯ ಬೇರೆಯೇ ಆಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಿಟಿ ಸ್ಟೇಷನ್ನಿನ ಎಳೆತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಪಾಯಿಂಟುಗಳ ಮೂಲಕ ಹಾಯುತ್ತದೆ. ಪಾಯಿಂಟಿನ ತಿರುವಿಗೆ ಹೊರಗಿನ ಕಂಬಿಯನ್ನು ಎತ್ತರಿಸಿ ಕೂರಿಸಲು ಆಗುವುದಿಲ್ಲ, ಒಂದು ತಿರುವು ಮುಗಿಯುವ ಮೊದಲೇ ಎದುರು ದಿಕ್ಕಿನ ತಿರುವು ಬರುತ್ತದೆ. ಅದಕ್ಕೇ ಪಕ್ಕಕ್ಕೆ ಎಳೆತ. ಜೊತೆಗೆ ಎರಡು ಕಂಬಿ ಒಂದನ್ನೊಂದು ಕತ್ತರಿಸುವ ಕ್ರಾಸಿಂಗಿನಲ್ಲಿ ಚಕ್ರ ನಿಜವಾದ ಸಂದಿ ದಾಟುತ್ತದೆ, ಖಣ್ ಎಂಬ ಸದ್ದು ಅಲ್ಲಿಯದು. ಆ ತುಂಡನ್ನು ಏಟು ತಿಂದಷ್ಟೂ ಗಟ್ಟಿಯಾಗುವ ಮ್ಯಾಂಗನೀಸ್ ಉಕ್ಕಿನಲ್ಲಿ ಎರಕ ಹೊಯ್ದಿರುತ್ತಾರೆ. ವೇಗ ಕಡಿಮೆ ಇರುವುದೂ ಇದಕ್ಕಾಗಿಯೇ. ನಿಂತವರು ಡಬ್ಬಿಯೊಳಗಿನ ಹಿಡಿಕೆ ಹಿಡಿದುಕೊಳ್ಳಲಿ, ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ. ಈ ಎಳೆತಕ್ಕೆ ಹಳಿ ತಪ್ಪುವುದು ಗಾಡಿಯಲ್ಲ, ಬಾಗಿಲಲ್ಲಿ ನಿಂತವರ ಕಾಲು.

ವಿಡಿಯೋ ನೋಡಿದೆ. ಅದರಲ್ಲಿ ಒಂದು ಪಾಲು ಕ್ಯಾಮೆರಾದ್ದು. ದೂರದಿಂದ ಜೂಮ್ ಮಾಡಿದಾಗ ಅರ್ಧ ಕಿಲೋಮೀಟರ್ ಹಳಿ ನಾಲ್ಕು ಮಾರಿನಷ್ಟಕ್ಕೆ ಕುಗ್ಗಿದಂತೆ ಕಾಣುತ್ತದೆ, ಬೆರಳಗಲದ ಏರಿಳಿತವೂ ಅಲೆಯಂತೆ ತೋರುತ್ತದೆ. ಆದರೆ ವ್ಯಾಗನ್‌ಗಳ ತೂಗಾಟ ಸುಳ್ಳಲ್ಲ. ಅದಕ್ಕೆ ಕಾರಣ ಅಮೆರಿಕದವರು ಜಾಯಿಂಟ್ ಇಡುವ ಬಗೆಯಲ್ಲಿದೆ. ನಮ್ಮಲ್ಲಿ ಎಡ ಬಲ ಜಾಯಿಂಟುಗಳು ಎದುರುಬದುರು ಇರುತ್ತವೆ. ಅಲ್ಲಿ ಹಿಂದುಮುಂದು: 39 ಅಡಿ, ಅಂದರೆ 11.9 ಮೀಟರ್ ಉದ್ದದ ಎಡಗಡೆಯ ಕಂಬಿಯ ನಡುವಿಗೆ ಸರಿಯಾಗಿ ಬಲಗಡೆಯ ಜಾಯಿಂಟ್ ಬರುತ್ತದೆ. ಜಾಯಿಂಟುಗಳು ಕೂತಾಗ ನಮ್ಮಲ್ಲಿ ಗಾಡಿ ಮೇಲೆ ಕೆಳಗೆ ಕುಣಿಯುತ್ತದೆ. ಅಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ.

ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆದವರಿಗೆ ಇದು ಗೊತ್ತು: ಹೆಜ್ಜೆಯ ತಾಳವೂ ನೀರಿನ ತಾಳವೂ ಕೂಡಿದರೆ ಮೆಲ್ಲಗೆ ನಡೆದರೂ ನೀರು ತುಳುಕಿ ಸೀರೆ ತೋಯುತ್ತದೆ, ತುಸು ಬೇಗ ನಡೆದರೆ ನಿಲ್ಲುತ್ತದೆ. ಎತ್ತರದ, ಭಾರ ತುಂಬಿದ ವ್ಯಾಗನ್ನಿಗೂ ತನ್ನದೇ ಆದ ತೂಗುವ ತಾಳವಿದೆ, ಎರಡು ಸೆಕೆಂಡಿಗೊಮ್ಮೆ ಅಥವಾ ಅದಕ್ಕಿಂತ ಸ್ವಲ್ಪ ಬೇಗ. ಅಮೆರಿಕದ ಕಂಬಿಯ ಉದ್ದಕ್ಕೆ ಆ ತಾಳ ಕೂಡುವುದು ಗಂಟೆಗೆ ಸುಮಾರು 20ರಿಂದ 35 ಕಿ.ಮೀ. ವೇಗದಲ್ಲಿ. ಹಾಗಾಗಿ 'ನಿಧಾನ ಹೋದರೆ ಕ್ಷೇಮ' ಎಂಬ ಮಾತು ಅಲ್ಲಿ ಪೂರ್ತಿ ನಿಜವಲ್ಲ. ಹದಿನೈದರಲ್ಲಿ ಹೋದರೆ ಕ್ಷೇಮ, ಇಪ್ಪತ್ತೈದರಲ್ಲಿ ಕಷ್ಟ, ನಲವತ್ತು ದಾಟಿದರೆ ಮತ್ತೆ ಸಲೀಸು. ಅಲ್ಲಿನ ರೈಲು ಸುರಕ್ಷತಾ ನಿಯಮದಲ್ಲಿ ಇದಕ್ಕೆಂದೇ ಒಂದು ಮಿತಿ ಇದೆ: ಇಂಥ ಹಳಿಯಲ್ಲಿ ಸತತ ಆರು ಜೋಡಿ ಜಾಯಿಂಟುಗಳಲ್ಲೂ ಎಡ-ಬಲದ ಎತ್ತರದ ವ್ಯತ್ಯಾಸ ಒಂದೂಕಾಲು ಇಂಚು ಮೀರಕೂಡದು. ಒಂದೇ ಕುಳಿಗಿಂತ ಸಾಲಾಗಿ ಬರುವ ಕುಳಿಗಳು ಅಪಾಯ ಎಂಬುದನ್ನು ಆ ನಿಯಮ ಬಾಯಿಬಿಟ್ಟು ಹೇಳುತ್ತದೆ. ತೀರಾ ಕೆಟ್ಟ ಹಳಿಗಳಲ್ಲಿ ಅಲ್ಲಿ ಗೂಡ್ಸಿಗೆ ಗಂಟೆಗೆ 10 ಮೈಲಿ ಮಿತಿ, ಅದಕ್ಕಿಂತ ಕೆಳದರ್ಜೆಯ ಹಳಿಯಲ್ಲಿ ಪ್ರಯಾಣಿಕರ ಗಾಡಿ ಓಡಿಸುವಂತೆಯೇ ಇಲ್ಲ. ನಿಮ್ಮ ಸ್ನೇಹಿತರ ವಿಡಿಯೋ ಅಂಥದೇ ಯಾವುದೋ ಕವಲು ಹಳಿಯದು. ಮಂಡ್ಯ-ಬೆಂಗಳೂರು ಹಳಿಗೆ ಅದನ್ನು ಹೋಲಿಸುವುದು ನ್ಯಾಯವಲ್ಲ. ನಮ್ಮಲ್ಲಿ ಗೂಡ್ಸೂ ಪ್ರಯಾಣಿಕರ ಗಾಡಿಯೂ ಒಂದೇ ಕಂಬಿಯ ಮೇಲೆ ಓಡುತ್ತವೆ, ಹಾಗಾಗಿ ಮೇನ್ ಲೈನನ್ನು ಆ ಸ್ಥಿತಿಗೆ ಬಿಡಲಾಗುವುದಿಲ್ಲ.

ಈಗ ನಾನು ಆಮೇಲೆ ಹೇಳುತ್ತೇನೆಂದ ವಿಷಯ. ನಾವು ನಿಜವಾಗಿ ಹೆದರುವುದು ತಿರುಚಿಗೆ. ನಾಲ್ಕಾರು ಮೀಟರ್ ಅಂತರದೊಳಗೆ ಒಂದು ಕಂಬಿ ಇಳಿದು ಇನ್ನೊಂದು ಇಳಿಯದೆ ಇದ್ದರೆ, ಆ ಜಾಗದಲ್ಲಿ ಹಳಿ ತಿರುಚಿಕೊಂಡಿದೆ ಎಂದರ್ಥ. ಟ್ರಾಲಿಯ ನಾಲ್ಕು ಚಕ್ರಗಳಲ್ಲಿ ಮೂರು ಗಟ್ಟಿಯಾಗಿ ಕೂತು ನಾಲ್ಕನೆಯದರ ಭಾರ ಹಗುರಾಗುತ್ತದೆ. ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವ ಒಳಅಂಚು ಹೊಸ ಚಕ್ರದಲ್ಲಿ 28.5 ಮಿ.ಮೀ. ಎತ್ತರ ಮಾತ್ರ. ಭಾರ ಹಗುರಾದ ಚಕ್ರವನ್ನು ತಿರುವು ಪಕ್ಕಕ್ಕೆ ಒತ್ತಿದರೆ ಆ ಅಂಚು ಕಂಬಿಯ ಪಕ್ಕವನ್ನು ಹಿಡಿದು ಏರುತ್ತದೆ. ಅಲ್ಲಿ 'ಧಡ್' ಎನ್ನುವುದಿಲ್ಲ. ಪ್ರಯಾಣಿಕರಿಗೆ ಗೊತ್ತೂ ಆಗುವುದಿಲ್ಲ. ಖಾಲಿ ಗೂಡ್ಸ್ ವ್ಯಾಗನ್‌ಗಳು ಇದಕ್ಕೆ ಬೇಗ ಸಿಕ್ಕಿಬೀಳುತ್ತವೆ, ಏಕೆಂದರೆ ಅವುಗಳ ಚಕ್ರದ ಮೇಲೆ ಮೊದಲೇ ಭಾರ ಕಡಿಮೆ, ಸ್ಪ್ರಿಂಗೂ ಬಿಗಿ. ಪ್ರಯಾಣಿಕರ ಡಬ್ಬಿಯ ಸ್ಪ್ರಿಂಗ್ ಮೆದು, ಅದು ತಿರುಚಿಗೆ ಹೊಂದಿಕೊಳ್ಳುತ್ತದೆ. ತಿರುಚು, ಗೇಜು (ಎರಡು ಕಂಬಿಗಳ ನಡುವಿನ ಅಂತರ), ಏರಿಳಿತ, ಡೊಂಕು ಎಲ್ಲವನ್ನೂ ಅಳೆಯಲು ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಎಂಬ ಡಬ್ಬಿಯನ್ನು ಹಳಿಯ ಮೇಲೆ ನಿಯತವಾಗಿ ಓಡಿಸುತ್ತಾರೆ. ಓಡುವ ಗಾಡಿಯ ಕುಲುಕಾಟ ದಾಖಲಿಸುವ ಸಣ್ಣ ಯಂತ್ರವೂ ಇದೆ. ನಿಮ್ಮ ಸೇತುವೆಯ ಏಟು ಅದರಲ್ಲಿ ಕಡ್ಡಿಯಂತೆ ಎದ್ದು ನಿಂತಿರಬೇಕು.

ಎಲ್ಲವನ್ನೂ ಬೆಸುಗೆ ಹಾಕಬಾರದೇ ಎಂದು ಕೇಳಿದ್ದೀರಿ. ಮೇನ್ ಲೈನಿನಲ್ಲಿ ಬಹುಪಾಲು ಹಾಕಿಯಾಗಿದೆ, ನಿಮ್ಮ ಟಕಟಕ ಮಾಯವಾದದ್ದು ಅದಕ್ಕೇ. ಈಗ ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ 260 ಮೀಟರ್ ಉದ್ದದ ಕಂಬಿಗಳೇ ಬರುತ್ತವೆ. ಅವನ್ನೂ ಒಂದಕ್ಕೊಂದು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಕಂಬಿ ಮಾಡುತ್ತಾರೆ. ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಹಿಗ್ಗುವ ಬಲ ಎಲ್ಲಿಗೂ ಹೋಗುವುದಿಲ್ಲ, ಕಂಬಿಯೊಳಗೇ ಕೂತಿರುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಕಂಬಿಯನ್ನು ಹಿಗ್ಗಲು ಬಿಡದೆ ಹಿಡಿದರೆ, ಒಂದೊಂದು ಡಿಗ್ರಿಗೆ ಹತ್ತಿರ ಹತ್ತಿರ ಎರಡು ಟನ್ ಒತ್ತಡ ಕಟ್ಟಿಕೊಳ್ಳುತ್ತದೆ. ಕೂರಿಸಿದಾಗಿನ ಉಷ್ಣತೆಗಿಂತ 25 ಡಿಗ್ರಿ ಹೆಚ್ಚು ಕಾದರೆ ಒಂದು ಕಂಬಿಯಲ್ಲೇ ಐವತ್ತು ಟನ್ನಿನ ಹತ್ತಿರ. ಅದನ್ನು ಹಿಡಿದಿಟ್ಟಿರುವುದು ಸ್ಲೀಪರುಗಳ ನಡುವೆ, ಅಂಚಿನಲ್ಲಿ ತುಂಬಿರುವ ಜಲ್ಲಿ. ಹಳಿಯ ಅಂಚಿನ ಜಲ್ಲಿಯನ್ನು ತುಳಿದು ಕಾಲುದಾರಿ ಮಾಡಿದರೆ, ಮನೆ ಕೆಲಸಕ್ಕೆ ಎರಡು ಬುಟ್ಟಿ ತೆಗೆದುಕೊಂಡು ಹೋದರೆ, ಆ ಹಿಡಿತ ಹೋಗುತ್ತದೆ. ಆಗ ಏಪ್ರಿಲ್ ಮಧ್ಯಾಹ್ನವೊಂದರಲ್ಲಿ ಹಳಿ ಪಕ್ಕಕ್ಕೆ ಬಿಲ್ಲಿನಂತೆ ಬಾಗಬಹುದು. ಚಳಿಗಾಲದಲ್ಲಿ ಇದರ ಉಲ್ಟಾ: ಕಂಬಿ ಕುಗ್ಗಲು ಎಳೆಯುತ್ತದೆ, ದುರ್ಬಲ ಬೆಸುಗೆ ಇದ್ದರೆ ಬೆಳಗಿನ ಜಾವಕ್ಕೆ ತುಂಡಾಗುತ್ತದೆ. ಬೇಸಿಗೆ ಮಧ್ಯಾಹ್ನದ ಗಸ್ತು, ಚಳಿಗಾಲದ ರಾತ್ರಿ ಗಸ್ತು ಎಂದು ಗ್ಯಾಂಗ್‌ಮನ್‌ಗಳು ಟಾರ್ಚು ಹಿಡಿದು ನಡೆಯುವುದು ಈ ಎರಡಕ್ಕಾಗಿ. ಟಕಟಕ ಎನ್ನುವ ಜಾಯಿಂಟ್ ತನ್ನ ಕಾಯಿಲೆಯನ್ನು ಕೂಗಿ ಹೇಳುತ್ತಿತ್ತು. ಬೆಸೆದ ಕಂಬಿ ಹೇಳುವುದಿಲ್ಲ, ಅಲ್ಟ್ರಾಸಾನಿಕ್ ಯಂತ್ರದಿಂದ ಹುಡುಕಬೇಕು.

ಕೆಲವು ಕಡೆ ಜಾಯಿಂಟ್ ತೆಗೆಯಲು ಬರುವುದೇ ಇಲ್ಲ. ಸಿಗ್ನಲ್ ಕರೆಂಟನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಹೋಗದಂತೆ ತಡೆಯುವ ಇನ್ಸುಲೇಟೆಡ್ ಜಾಯಿಂಟ್ ಇರಬೇಕು. ಉದ್ದ ಕಂಬಿಯ ಕೊನೆಯಲ್ಲಿ ಹಿಗ್ಗಿ ಕುಗ್ಗಲು ಬಿಡುವ ವಿಶೇಷ ಜಾಯಿಂಟ್ ಬೇಕು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಂಥ ಕಡಿದಾದ ತಿರುವುಗಳಲ್ಲಿ ಉದ್ದ ಬೆಸುಗೆಗೆ ಮಿತಿ ಇದೆ, ಏಕೆಂದರೆ ತಿರುವು ಬಿಗಿಯಾದಷ್ಟೂ ಕಾದ ಕಂಬಿ ಹೊರಕ್ಕೆ ತಳ್ಳುತ್ತದೆ.

ನಿಮ್ಮ ಸೇತುವೆಯಂಥ ಜಾಗಕ್ಕೆ ಏನು ಮಾಡಬಹುದು? ಅತಿ ಸುಲಭದ್ದು ಎತ್ತಿ ಜಲ್ಲಿ ಕುಟ್ಟುವುದು. ಕೈಯಿಂದಲಾದರೆ ಒಂದು ಗ್ಯಾಂಗು, ಟ್ಯಾಂಪಿಂಗ್ ಮಶೀನಾದರೆ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ ಬ್ಲಾಕ್ ಕೊಡಬೇಕು. ಮರುದಿನವೇ ಏಟು ಮಾಯ. ಆದರೆ ಹೊಸದಾಗಿ ಕುಟ್ಟಿದ ಜಲ್ಲಿ ಸಡಿಲ, ಅದು ಕೂರುವ ತನಕ ಹಳಿಗೆ ಪಕ್ಕದ ಹಿಡಿತ ಕಡಿಮೆ. ಸುಡುಬೇಸಿಗೆಯಲ್ಲಿ ಇದನ್ನು ಮಾಡುವಾಗ ಬಹಳ ಎಚ್ಚರ ಬೇಕು, ವೇಗವನ್ನೂ ಇಳಿಸಬೇಕು. ಕೆಳಗಿನ ಮಣ್ಣೇ ನೀರು ಹಿಡಿದಿದ್ದರೆ ಕುಟ್ಟಿದ್ದು ಮುಂದಿನ ಮಳೆಗೆ ವ್ಯರ್ಥ. ಅಲ್ಲಿ ಮೊದಲು ಚರಂಡಿ ಸರಿಮಾಡಬೇಕು, ಕೆಸರಾದ ಜಲ್ಲಿಯನ್ನು ತೆಗೆದು ಜರಡಿ ಹಿಡಿಯಬೇಕು. ನನ್ನ ಅನುಭವದಲ್ಲಿ ಮರಳಿ ಮರಳಿ ಬೀಳುವ ಕುಳಿಗಳಲ್ಲಿ ಹೆಚ್ಚಿನವಕ್ಕೆ ಮದ್ದು ಕಂಬಿಯಲ್ಲಿಲ್ಲ, ನೀರು ಹರಿದುಹೋಗುವ ದಾರಿಯಲ್ಲಿದೆ. ಹಳೆಯ ಜಾಯಿಂಟಿನ ಬಾಗಿದ ತುದಿಯಾದರೆ ಅದನ್ನು ಕತ್ತರಿಸಿ ತೆಗೆದು ಬೆಸುಗೆ ಹಾಕಬಹುದು. ಅದಕ್ಕೆ ಉದ್ದದ ಬ್ಲಾಕ್ ಬೇಕು. ಸ್ಥಳದಲ್ಲೇ ಮೂಸೆಯಲ್ಲಿ ಕಾಯಿಸಿ ಸುರಿಯುವ ಬೆಸುಗೆ ಕಾರ್ಖಾನೆಯ ಬೆಸುಗೆಯಷ್ಟು ನಂಬಿಕಸ್ತವಲ್ಲ, ಅವಸರದಲ್ಲಿ ಹಾಕಿದರೆ ಕುಳಿ ಹೋಗಿ ಬಿರುಕು ಬಂದೀತು. ಏನೂ ಮಾಡಲಾಗದಿದ್ದಾಗ ಕಾಶನ್ ಆರ್ಡರ್ ಕೊಟ್ಟು ವೇಗ ಇಳಿಸುತ್ತಾರೆ. ನಿರ್ಬಂಧ ಮುಗಿದಲ್ಲಿ ಟಿ/ಪಿ, ಟಿ/ಜಿ ಎಂದು ಬರೆದ ದುಂಡನೆಯ ಹಳದಿ ಬಿಲ್ಲೆಗಳು ಕಿಟಕಿಯಿಂದ ಕಾಣುತ್ತವೆ, ಮೊದಲನೆಯದು ಪ್ರಯಾಣಿಕರ ಗಾಡಿಗೆ, ಎರಡನೆಯದು ಗೂಡ್ಸಿಗೆ. 'ನಮ್ಮ ಗಾಡಿ ಇಲ್ಲಿ ಯಾಕೆ ತೆವಳುತ್ತದೆ' ಎಂದು ಜನ ಬೇಸರಪಡುವ ಜಾಗ ಅದು. ಅದು ರೈಲ್ವೆಯವರು ತೊಂದರೆಯನ್ನು ಗುರುತಿಸಿದ್ದಾರೆ ಎಂಬುದಕ್ಕೆ ಗುರುತು, ಹೆದರಬೇಕಾದ್ದಲ್ಲ.

ತಮ್ಮನ ಮನೆಯ ವಿಷಯ. ಕಂಪನವನ್ನು ಮನುಷ್ಯನ ಮೈ ಬಹಳ ಬೇಗ ಗ್ರಹಿಸುತ್ತದೆ. ನೆಲ ಸೆಕೆಂಡಿಗೆ 0.2ರಿಂದ 0.3 ಮಿ.ಮೀ. ವೇಗದಲ್ಲಿ ಅದುರಿದರೂ ನಮಗೆ ತಿಳಿಯುತ್ತದೆ. ವಾಸದ ಮನೆಯ ಗಾರೆಗೆ ಕೂದಲು ಬಿರುಕು ಬರಬಹುದೆಂದು ಜರ್ಮನಿಯ ಮಾನದಂಡ ಇಟ್ಟಿರುವ ಮಿತಿ, ಕಡಿಮೆ ಲಯದ ಕಂಪನಕ್ಕೆ, ಸೆಕೆಂಡಿಗೆ 5 ಮಿ.ಮೀ. ಎರಡರ ನಡುವೆ ಸುಮಾರು ಇಪ್ಪತ್ತು ಪಟ್ಟು ಅಂತರ. 40 ಮೀಟರ್ ದೂರದಲ್ಲಿ ಗೂಡ್ಸ್ ಗಾಡಿ ಕಿಟಕಿ ಅಲುಗಿಸುವುದು ಸಹಜ, ಗೋಡೆ ಸೀಳುವುದು ಅಪರೂಪ. ಬೆಂಗಳೂರಿನ ಸುತ್ತ ಹೊಸ ಮನೆಗಳ ಬಿರುಕಿಗೆ ನಾನು ಮೊದಲು ಅನುಮಾನಿಸುವುದು ತುಂಬಿದ ಮಣ್ಣನ್ನು. ಹಳೆಯ ಕೆರೆಯಂಗಳ, ಕಾಲುವೆ ಅಂಚು, ಹಳ್ಳ ಮುಚ್ಚಿದ ಸೈಟು ಆಗಿದ್ದರೆ ಅಡಿಪಾಯದ ಒಂದು ಮೂಲೆ ಕೂರುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಕಾಂಕ್ರೀಟ್ ಕಂಬ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಬಿರುಕು ಒಣಗಿ ಕುಗ್ಗಿದ್ದರಿಂದ ಬಂದದ್ದು. ತಮ್ಮನಿಗೆ ಹೇಳಿ: ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆದಿಡಲಿ, ನಡುವೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಲಿ. ಒಂದು ಮಳೆಗಾಲ ಕಳೆದು ಗೆರೆ ದಾಟಿದ್ದರೆ, ಗಾಜು ಒಡೆದಿದ್ದರೆ, ಕಟ್ಟಡದ ಇಂಜಿನಿಯರನ್ನು ಕರೆಸಬೇಕು. ದಾಟದಿದ್ದರೆ ಮುಚ್ಚಿ ಬಣ್ಣ ಬಳಿದರೆ ಸಾಕು. ಬಿರುಕು ನೋಡದೆ ಮೊದಲೇ ಗಾರೆ ಬಳಿಯುವುದರಲ್ಲಿ ಒಂದು ತೊಂದರೆ ಇದೆ, ಬೆಳೆಯುತ್ತಿರುವುದೋ ನಿಂತಿರುವುದೋ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಗಾಜಿನ ಗಡಗಡ ನಿಲ್ಲಿಸಲು ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ ಹಾಕಿಸಿದರಾಯಿತು. ಮನೆಯೆದುರೇ ಜಾಯಿಂಟೊಂದು ಕುಟ್ಟುತ್ತಿದ್ದರೆ, ಅದರ ದೂರನ್ನು ಬೇರೆಯಾಗಿ ಕೊಡಬಹುದು.

ಅಮ್ಮನನ್ನು ಡಬ್ಬಿಯ ನಡುವಿನಲ್ಲಿ ಕೂರಿಸಿ. ಟ್ರಾಲಿಗಳು ಎರಡು ತುದಿಗಳ ಹತ್ತಿರ ಇರುವುದರಿಂದ ಅಲ್ಲಿನ ಸೀಟುಗಳಿಗೆ ಏಟು ನೇರ, ನಡುವಿಗೆ ಬರುವಷ್ಟರಲ್ಲಿ ಅದು ಅರ್ಧಕ್ಕರ್ಧ ಮೆತ್ತಗಾಗಿರುತ್ತದೆ. 72 ಬರ್ತಿನ ಸ್ಲೀಪರ್ ಡಬ್ಬಿಯಾದರೆ 33ರಿಂದ 40ರ ಒಳಗಿನ ಕೆಳಬರ್ತು ಸಿಕ್ಕರೆ ಒಳ್ಳೆಯದು. ಮೆಮುವಿನಲ್ಲಿ ಬಾಗಿಲ ಹತ್ತಿರ ಕೂರದೆ ನಡುವಿಗೆ ಹೋಗಲಿ.

ಇನ್ನು ನೀವು ಮಾಡಬೇಕಾದ್ದು. ಆ ಜಾಗಕ್ಕೆ ಇಳಿದು ನೋಡಲು ಹೋಗಬೇಡಿ, ಹಳಿಯ ಮೇಲೆ ನಿಂತು ವಿಡಿಯೋ ಮಾಡಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಈಗಿನ ವಿದ್ಯುತ್ ಗಾಡಿಗಳು ಹತ್ತಿರ ಬರುವ ತನಕ ಸದ್ದೇ ಕೇಳಿಸುವುದಿಲ್ಲ. ಕಿಟಕಿ ಪಕ್ಕ ಕೂತು ವಿದ್ಯುತ್ ಕಂಬಗಳನ್ನು ನೋಡಿ. ಪ್ರತಿ ಕಂಬದ ಮೇಲೆ ಕಿಲೋಮೀಟರ್ ಅಂಕಿ, ಓರೆಗೆರೆ, ಕಂಬದ ಅಂಕಿ ಎಂಬ ಕ್ರಮದಲ್ಲಿ ನಂಬರ್ ಬರೆದಿರುತ್ತದೆ. ಏಟು ಬಿದ್ದ ಕೂಡಲೇ ಕಂಡ ಕಂಬದ ನಂಬರ್ ಬರೆದುಕೊಳ್ಳಿ. ಎರಡು ಮೂರು ದಿನ, ಆಗುವುದಾದರೆ ಬೇರೆ ಗಾಡಿಯಲ್ಲೂ, ನೋಡಿ ಖಚಿತ ಮಾಡಿಕೊಳ್ಳಿ. ಆಮೇಲೆ 139ಕ್ಕೆ ಕರೆ ಮಾಡಿ, ಅಥವಾ ರೈಲ್ ಮದದ್ ಆ್ಯಪಿನಲ್ಲಿ ಹಾಕಿ. 'ಹಳಿ ಸರಿಯಿಲ್ಲ' ಎಂದಷ್ಟೇ ಬರೆದರೆ ಅದು ಯಾರ ಮೇಜಿಗೂ ಸೇರುವುದಿಲ್ಲ. ಗಾಡಿಯ ನಂಬರ್, ತಾರೀಖು, ಹೊತ್ತು, ಯಾವ ಎರಡು ಸ್ಟೇಷನ್‌ಗಳ ನಡುವೆ, ಬೆಂಗಳೂರಿಗೆ ಹೋಗುವ ಹಳಿಯೋ ಮೈಸೂರಿಗೆ ಹೋಗುವ ಹಳಿಯೋ, ಕಂಬದ ನಂಬರ್, ಏಟು ಮೇಲೆ ಕೆಳಗೋ ಪಕ್ಕಕ್ಕೋ, ಇಷ್ಟನ್ನು ಬರೆಯಿರಿ. ಕಂಬದ ನಂಬರ್ ಇರುವ ದೂರು ಆ ಭಾಗದ ಹಳಿ ಇಂಜಿನಿಯರ್ ಕೈಗೆ ಹೋದರೆ, ಅವರು ಮಾರನೆಯ ದಿನ ಕೀಮ್ಯಾನನ್ನು ನೇರ ಅಲ್ಲಿಗೇ ಕಳಿಸಬಹುದು. ಕಂಬಿ ತುಂಡಾದದ್ದೇ ಕಣ್ಣಿಗೆ ಬಿದ್ದರೆ ಮಾತ್ರ ಆ್ಯಪಿಗೆ ಕಾಯಬೇಡಿ, ಹತ್ತಿರದ ಗೇಟ್‌ಮನ್ನಿಗೋ ಸ್ಟೇಷನ್ ಮಾಸ್ಟರಿಗೋ ಆ ಕ್ಷಣವೇ ತಿಳಿಸಿ. ಒಂದು ಗಾಡಿಯನ್ನು ನಿಲ್ಲಿಸಲು ಅವರಿಗೆ ಬೇಕಾದದ್ದು ಒಂದು ಫೋನ್ ಕರೆ.